ಮಿಕ್ಕಿ ಮೌಸ್ ಇರೋ ಚಿನ್ನದ ನಾಣ್ಯ: ದುಡ್ಡು ಕೊಡ್ತಿರೋದು ಚಿನ್ನಕ್ಕಾ, ಮಿಕ್ಕಿಗಾ?

ನಮಸ್ಕಾರ ಎಲ್ರಿಗೂ!

[ನಾಣ್ಯ ಹತ್ತಿರದಿಂದ]

ಇಲ್ನೋಡಿ, ಒಂದ್ ಕಡೆ ಮಿಕ್ಕಿ ಮೌಸ್, ತಿರುಗಿಸಿದ್ರೆ ರಾಣಿ ಎಲಿಜಬೆತ್. ಆಟಿಕೆ ಅಲ್ಲ ಇದು, 24 ಕ್ಯಾರೆಟ್ ಚಿನ್ನ, ಕಾಲು ಔನ್ಸ್, ಅಂದ್ರೆ 7.78 ಗ್ರಾಂ. ಮುಖಬೆಲೆ ಬರೀ 25 ನ್ಯೂಜಿಲೆಂಡ್ ಡಾಲರ್, ಆದ್ರೆ ಒಳಗಿರೋ ಚಿನ್ನದ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ಇದನ್ನ ಅಂಗಡೀಲಿ ಕೊಟ್ಟು ಸಾಮಾನು ತಗೊಳೋರು ಯಾರೂ ಇಲ್ಲ.

ಮಾಡಿದ್ದು ನ್ಯೂಜಿಲೆಂಡ್ ಮಿಂಟ್ ಅನ್ನೋ ಖಾಸಗಿ ಟಂಕಸಾಲೆ, ಆದ್ರೆ ನಾಣ್ಯದ ಮೇಲಿರೋ ಹೆಸರು ಪೆಸಿಫಿಕ್ ಸಾಗರದಲ್ಲಿರೋ ನಿಯುಯೆ ಅನ್ನೋ ಪುಟ್ಟ ದ್ವೀಪದ್ದು, ಅಲ್ಲಿ ಎರಡು ಸಾವಿರ ಜನಾನೂ ಇಲ್ಲ! ಯಾಕೆ ಹೀಗೆ ಅಂದ್ರೆ, ಒಂದು ಸರ್ಕಾರ ಮುಖಬೆಲೆ ಕೊಟ್ಟು ಹೊರಡಿಸಿದ್ರೆ ಮಾತ್ರ ಅದು ನಾಣ್ಯ, ಇಲ್ಲಾಂದ್ರೆ ಬರೀ ಪದಕ. ನಾಣ್ಯ ಅಂದ್ರೇನೇ ಕಲೆಕ್ಟರ್‌ಗಳು ಕೈ ಹಾಕೋದು, ದ್ವೀಪಕ್ಕೂ ನಾಲ್ಕು ಕಾಸು ಸಿಗತ್ತೆ. ಚಿತ್ರ ಬಳಸೋಕೆ ಡಿಸ್ನಿಗೆ ರಾಯಲ್ಟಿ ಬೇರೆ. ಈ ಖರ್ಚೆಲ್ಲಾ ಕೊನೆಗೆ ನಮ್ಮ ಬಿಲ್ಲಿಗೇ ಬರೋದು.

ಇನ್ನೊಂದ್ ವಿಷ್ಯ, ಚಿನ್ನದ ನಾಣ್ಯ ಅಂದ ತಕ್ಷಣ ಅಪರಂಜಿ ಅಂದ್ಕೋಬೇಡಿ. 2013ರಲ್ಲಿ ಸೂಪರ್‌ಮ್ಯಾನ್‌ಗೆ 75 ವರ್ಷ ಆದಾಗ ಕೆನಡಾದ ಟಂಕಸಾಲೆ 75 ಡಾಲರ್ ಮುಖಬೆಲೆಯ ನಾಣ್ಯ ತಂತು, ಅದು 14 ಕ್ಯಾರೆಟ್, ಅಂದ್ರೆ ನೂರಕ್ಕೆ 58 ಭಾಗ ಚಿನ್ನ ಅಷ್ಟೇ. ಬ್ರಿಟನ್ನಿನ ರಾಯಲ್ ಮಿಂಟ್ 2020ರಲ್ಲಿ ವಿನ್ನಿ ದ ಪೂ ಕರಡಿಯ 50 ಪೆನ್ಸ್ ನಾಣ್ಯಾನ ಚಿನ್ನದಲ್ಲೂ ಮಾಡ್ತು, ಅದು 22 ಕ್ಯಾರೆಟ್, ನಮ್ಮ ಬಳೆ ಸರದ ಅದೇ 916! ತೂಕ 15.5 ಗ್ರಾಂ, ಹತ್ತತ್ರ ಎರಡು ಸವರನ್. ಸವರನ್ ಅನ್ನೋ ಮಾತೇ ಅವರ ಚಿನ್ನದ ನಾಣ್ಯದಿಂದ ನಮ್ಮಲ್ಲಿಗೆ ಬಂದಿದ್ದು ನೋಡಿ.

ನಮ್ಮ ಸಂಬಂಧಿಕರೊಬ್ರು ಮಗು ನಾಮಕರಣಕ್ಕೆ ಬಂದಿದ್ದ ಇಂಥದ್ದೇ ನಾಣ್ಯಾನ ಮಾರೋಕೆ ತಗೊಂಡ್ ಹೋದ್ರು, ಅಂಗಡಿಯೋರು ಡಬ್ಬಿ ಸರ್ಟಿಫಿಕೇಟ್ ಪಕ್ಕಕ್ಕಿಟ್ಟು ನಾಣ್ಯ ತಕ್ಕಡಿಗೆ ಹಾಕಿ ಚಿನ್ನದ ರೇಟ್ ಹೇಳಿದ್ರು ಅಷ್ಟೇ, ಮಿಕ್ಕಿಗೆ ಒಂದ್ ಪೈಸೇನೂ ಇಲ್ಲ. ಆ ಹೆಚ್ಚಿನ ದುಡ್ಡು ಕೊಡೋನು ಕಲೆಕ್ಟರ್ ಮಾತ್ರ, ಅವನೂ ಎಷ್ಟು ನಾಣ್ಯ ಹೊರಡಿಸಿದ್ದಾರೆ, ಡಬ್ಬಿ ಕಾಗದ ಸರಿಯಾಗಿದ್ಯಾ ಅಂತ ನೋಡ್ತಾನೆ. ಅದಕ್ಕೇ ತಗೊಳೋ ದಿನಾನೇ ಒಳಗೆ ಎಷ್ಟು ಗ್ರಾಂ ಚಿನ್ನ ಇದೆ ಅಂತ ಲೆಕ್ಕ ಹಾಕಿ, ನೀವು ಕೊಡೋ ದುಡ್ಡಲ್ಲಿ ಅಷ್ಟು ಚಿನ್ನದ ಅವತ್ತಿನ ಬೆಲೆ ಕಳೆದು, ಉಳಿದಿದ್ದು ಮಿಕ್ಕಿಗೆ ಅಂತ ಗೊತ್ತಿದ್ದೇ ತಗೊಳ್ಳಿ. ಗೋಲ್ಡ್ ಪ್ಲೇಟೆಡ್ ಅಂತ ಇದ್ರೆ ಅದ್ರಲ್ಲಿ ಲೆಕ್ಕ ಹಾಕೋಷ್ಟು ಚಿನ್ನಾನೇ ಇರಲ್ಲ.

[ಪ್ಲಾಸ್ಟಿಕ್ ಡಬ್ಬಿ, ಕೈ]

ತಗೊಂಡ್ಮೇಲೆ ದಯವಿಟ್ಟು ಬಟ್ಟೇಲಿ ಒರೆಸ್ಬೇಡಿ. ಚಿತ್ರದ ಸುತ್ತ ಇರೋ ಖಾಲಿ ಜಾಗ ಕನ್ನಡಿ ಥರ ಹೊಳೀತಿದೆ ನೋಡಿ, ಒಂದು ಗೀರು ಬಿದ್ರೂ ಎದ್ದು ಕಾಣತ್ತೆ. ನೋಡ್ಬೇಕು ಅನ್ಸಿದ್ರೆ ಡಬ್ಬಿ ಮೇಲಿಂದಾನೇ ನೋಡಿ, ಮಕ್ಕಳ ಕೈಗೂ ಡಬ್ಬಿ ಸಮೇತಾನೇ ಕೊಡಿ.