ನಕ್ಕಿದ್ದು ಯಾವ ರೀಲಿಗೆ?

ಕೇಳುಗರಿಗೆ ನಮಸ್ಕಾರ.

ಕಾರವಾರದ ಟಾಗೋರ್ ಕಡಲತೀರದಲ್ಲಿ ಸಂಜೆಯ ಗಾಳಿಗೆ ಕೂತವರಿರಲಿ, ಶಿರಸಿಯಲ್ಲಿ ಅಡಿಕೆ ಮಾರಿ ಬಸ್ಸು ಕಾಯುವವರಿರಲಿ, ಕುಮಟೆಯ ಚಾ ಅಂಗಡಿಯಲ್ಲಿ ಪೇಪರು ಮಡಚಿಟ್ಟವರಿರಲಿ, ಐವತ್ತು ದಾಟಿದ ಇಬ್ಬರು ಸಿಕ್ಕರೆ ಒಂದಲ್ಲ ಒಂದು ದಿನ ಈ ಜಗಳ ಬಂದೇ ಬರುತ್ತದೆ. ತೊಂಬತ್ತರ ಸುತ್ತಿನ ಹಾಸ್ಯಚಿತ್ರಗಳಲ್ಲಿ ಯಾವುದು ಮೇಲು? ಒಬ್ಬರು 1990ರ ‘ಗಣೇಶನ ಮದುವೆ’ ಎನ್ನುತ್ತಾರೆ. ಇನ್ನೊಬ್ಬರು ಮರುವರ್ಷದ ‘ಗೌರಿ ಗಣೇಶ’ದ ಪಕ್ಷ. ಎರಡೂ ಫಣಿ ರಾಮಚಂದ್ರ ಅವರ ಚಿತ್ರಗಳೇ, ಎರಡರಲ್ಲೂ ಅನಂತನಾಗ್ ಅವರೇ, ಆದರೂ ರಾಜಿ ಇಲ್ಲ. ಮೂರನೆಯವರು 1992ರ ‘ತರ್ಲೆ ನನ್ಮಗ’ನನ್ನು ಕರೆತರುತ್ತಾರೆ. ಹಿರಿಯರೊಬ್ಬರು ನಡುವೆ ಬಾಯಿ ಹಾಕಿ 1981ರ ‘ಗುರು ಶಿಷ್ಯರು’ ಅಂದರೆ, “ಅದು ಬೇರೆ ದಶಕ, ಇಲ್ಲಿ ಸೇರಿಸಬೇಡಿ ಮಾರಾಯ್ರೆ” ಎಂದು ಎಲ್ಲರೂ ಒಟ್ಟಾಗಿ ಅವರ ಮೇಲೆ ಬೀಳುತ್ತಾರೆ. ಕಾಳಿ ನದಿಯ ಆಚೆ, ಸದಾಶಿವಗಡದ ಕಡೆ ಹೋದರೆ ಮರಾಠಿಯ ಪಕ್ಷವೂ ಒಂದಿದೆ. ಅವರಿಗೆ 1988ರ ‘ಅಶೀ ಹೀ ಬನವಾಬನವೀ’ಯ ಅಶೋಕ ಸರಾಫ್, ಲಕ್ಷ್ಮೀಕಾಂತ ಬೇರ್ಡೆಯವರ ಮುಂದೆ ಬೇರೆಯವರು ಕಾಣುವುದಿಲ್ಲ.

ಇದರಲ್ಲಿ ಊರಿನ ಅಭಿಮಾನವೂ ಸೇರಿದೆ. ಶಂಕರನಾಗ್ 1954ರಲ್ಲಿ ಹೊನ್ನಾವರದಲ್ಲಿ ಹುಟ್ಟಿದವರು. ಅಣ್ಣ ಅನಂತನಾಗ್ ಅವರ ಬಾಲ್ಯಕ್ಕೂ ಶಿರಾಲಿಯ ಚಿತ್ರಾಪುರ ಮಠಕ್ಕೂ ನಂಟಿದೆ. ಹಾಗಾಗಿ ನಮ್ಮ ಕಡೆ ಅನಂತನಾಗ್ ಅವರ ಹಾಸ್ಯವನ್ನು ಹೊಗಳುವಾಗ ನೆಂಟರ ಮನೆಯ ಹುಡುಗನನ್ನು ಹೊಗಳುವ ದನಿ ಬಂದುಬಿಡುತ್ತದೆ. ಅದಿರಲಿ.

ಅವರವರ ರುಚಿ ಅವರವರಿಗೆ, ಅದಕ್ಕೇ ಜಗಳ ತೀರುವುದಿಲ್ಲ ಎನ್ನುವುದು ವಾಡಿಕೆ. ಅದು ಅರ್ಧ ಮಾತ್ರ ಸರಿ. ಸಿನಿಮಾದ ಹೆಸರು ಒಂದೇ ಆದರೂ ಇಬ್ಬರು ನೋಡಿದ್ದು ಒಂದೇ ಸಿನಿಮಾ ಆಗಿರುವುದಿಲ್ಲ. ಒಬ್ಬರು ನೋಡಿದ್ದು ಟೆಂಟಿನಲ್ಲಿ, ಇನ್ನೊಬ್ಬರು ಟಿ.ವಿ.ಯಲ್ಲಿ. ಮತ್ತೊಬ್ಬರು ಸಂಭಾಷಣೆಯ ಕ್ಯಾಸೆಟ್ಟು ಕೇಳಿದ್ದಷ್ಟೇ, ನೋಡಿದ್ದೇನೆ ಎಂದು ಈಗ ನಂಬಿದ್ದಾರೆ. ಹೊಡೆದಾಟದ ಚಿತ್ರವಾದರೆ ಇದರಿಂದ ದೊಡ್ಡ ನಷ್ಟವಿಲ್ಲ. ಹಾಸ್ಯ ಹಾಗಲ್ಲ, ಅದು ಕಾಲು ಸೆಕೆಂಡಿನ ಮೇಲೆ ನಿಂತಿರುತ್ತದೆ.

ಟೆಂಟಿನಿಂದಲೇ ಶುರು ಮಾಡೋಣ. 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಅಡಿಗೆ 16 ಚಿತ್ರಚೌಕಗಳು, ಸೆಕೆಂಡಿಗೆ ಓಡುವುದು 24. ಅಂದರೆ ನಿಮಿಷಕ್ಕೆ 90 ಅಡಿ ಫಿಲ್ಮು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಎರಡೂವರೆ ತಾಸಿನ ಚಿತ್ರಕ್ಕೆ ಇಂಥ ಹದಿಮೂರು ಹದಿನಾಲ್ಕು ರೀಲು ಬೇಕು. ಆಗ ಥಿಯೇಟರಿನಲ್ಲಿ ಎರಡು ಪ್ರೊಜೆಕ್ಟರು ಇರುತ್ತಿದ್ದುದರಿಂದ ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗುತ್ತಿತ್ತು. ತೆರೆಯ ಬಲಮೂಲೆಯಲ್ಲಿ ಮೇಲೆ ಒಂದು ಚುಕ್ಕೆ ಮಿನುಗಿ ಮಾಯವಾಗುತ್ತಿತ್ತು, ನೆನಪಿದೆಯೇ? ಮೊದಲ ಚುಕ್ಕೆ ಬಂದಾಗ ಆಪರೇಟರು ಎರಡನೇ ಯಂತ್ರದ ಮೋಟಾರು ಹಾಕಬೇಕು, ಏಳೆಂಟು ಸೆಕೆಂಡಿನ ಮೇಲೆ ಇನ್ನೊಂದು ಚುಕ್ಕೆ ಬಂದಾಗ ಬೆಳಕನ್ನು ಆ ಕಡೆಗೆ ತಿರುಗಿಸಬೇಕು. ಒಂದೇ ಪ್ರೊಜೆಕ್ಟರಿನ ಟೆಂಟಿನಲ್ಲಿ ಈ ಸೌಕರ್ಯವಿರಲಿಲ್ಲ. ರೀಲು ಮುಗಿದರೆ ದೀಪ ಹತ್ತಬೇಕು, ಶೇಂಗಾ ಮಾರುವವನು ಒಂದು ಸುತ್ತು ಬರಬೇಕು.

ಫಿಲ್ಮು ಹೆಚ್ಚು ಹರಿಯುವುದು ರೀಲಿನ ತಲೆ ಮತ್ತು ಬಾಲದಲ್ಲಿ. ದಿನಕ್ಕೆ ಎರಡು ಮೂರು ಸಲ ಯಂತ್ರಕ್ಕೆ ಪೋಣಿಸಿ ಬಿಚ್ಚುವ ಜಾಗ ಅದು. ಹರಿದಲ್ಲಿ ಆಪರೇಟರು ಎರಡು ಮೂರು ಚೌಕ ಕತ್ತರಿಸಿ, ಬ್ಲೇಡಿನಿಂದ ಹೆರೆದು, ಸಿಮೆಂಟು ಎಂದು ಕರೆಯುವ ಅಂಟು ಹಚ್ಚಿ ಜೋಡಿಸುತ್ತಾನೆ. ಎಂಟು ಸಲ ಹರಿದರೆ ಸುಮಾರು ಒಂದು ಸೆಕೆಂಡು ಹೋಯಿತು. ಬೆಂಗಳೂರು, ಹುಬ್ಬಳ್ಳಿ ಎಲ್ಲ ಸುತ್ತಿ ಹಳತಾಗಿ ಟೆಂಟಿಗೆ ಬಂದ ಪ್ರಿಂಟಿನಲ್ಲಿ ಇಂಥ ಗಾಯಗಳು ಎಷ್ಟೋ. ರೀಲಿನ ಕೊನೆಗೆ ಬೀಳುವ ಮಾತಿನ ಚಟಾಕಿ ಅಲ್ಲಿ ಸತ್ತೇ ಹೋಗಿರುತ್ತದೆ. ಟೆಂಟಿನ ಪ್ರೇಕ್ಷಕರಿಗೆ ಅದು ಇತ್ತೆಂಬುದೇ ಗೊತ್ತಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಫಿಲ್ಮಿನ ಅಂಚಿನಲ್ಲಿ ಅಚ್ಚಾದ ಧ್ವನಿ ತನ್ನ ಚಿತ್ರದ ಪಕ್ಕದಲ್ಲೇ ಇರುವುದಿಲ್ಲ, ಸುಮಾರು 20 ಚೌಕ ಮುಂದಿರುತ್ತದೆ. ಫಿಲ್ಮು ಲೆನ್ಸಿನ ಹಿಂದೆ ನಿಂತು ನಿಂತು ಹೋಗುತ್ತದೆ, ಧ್ವನಿ ಓದುವ ಜಾಗದಲ್ಲಿ ಸರಾಗವಾಗಿ ಸಾಗಬೇಕು, ಆದ್ದರಿಂದ ಎರಡನ್ನೂ ಒಂದೇ ಜಾಗದಲ್ಲಿ ಇಡಲಾಗುವುದಿಲ್ಲ. ಇದರಿಂದ ಒಂದು ಹರಕು ಎರಡು ಕಡೆ ಕೆಡಿಸುತ್ತದೆ. ಮೊದಲು ಮುಖ ಹಾರುತ್ತದೆ, ಸೆಕೆಂಡಿಗೆ ತುಸು ಕಡಿಮೆ ಹೊತ್ತಿನಲ್ಲಿ ಮಾತು ಹಾರುತ್ತದೆ. ಮೊದಲು ಪೆಚ್ಚು ಮುಖ, ಆಮೇಲೆ ಮಾತು ಎಂಬ ಲೆಕ್ಕದ ಹಾಸ್ಯದಲ್ಲಿ ಎರಡೂ ಕೈಬಿಟ್ಟವು. ಪೋಣಿಸುವಾಗ ಲೆನ್ಸಿಗೂ ಧ್ವನಿ ಓದುವ ಜಾಗಕ್ಕೂ ನಡುವೆ ಬಿಡುವ ಫಿಲ್ಮಿನ ಕುಣಿಕೆ ಸಡಿಲವಾಗಿಯೋ ಬಿಗಿಯಾಗಿಯೋ ಬಿದ್ದರಂತೂ ರೀಲು ಪೂರ್ತಿ ತುಟಿಗೂ ಮಾತಿಗೂ ಹೊಂದುವುದಿಲ್ಲ. ಮೂರು ಚೌಕದಷ್ಟು ತಪ್ಪಿದರೂ ಕಣ್ಣಿಗೆ ಗೊತ್ತಾಗುತ್ತದೆ.

ಆದರೂ ಟೆಂಟಿನಲ್ಲಿ ನೋಡಿದವರೇ ಹೆಚ್ಚು ನಕ್ಕವರು. ಅದಕ್ಕೆ ಕಾರಣ ನಮ್ಮ ಯಕ್ಷಗಾನದಲ್ಲೇ ಸಿಗುತ್ತದೆ. ಹೊನ್ನಾವರದ ಹತ್ತಿರ ಕರ್ಕಿಯಲ್ಲಿ ‘ಹಾಸ್ಯಗಾರ’ ಎಂಬುದು ಒಂದು ಮನೆತನದ ಹೆಸರೇ ಆಗಿದೆ, ಆ ಹೆಸರಿನ ಮೇಳವೇ ಇತ್ತು. ರಂಗದ ಮೇಲಿನ ಹಾಸ್ಯಗಾರ ಒಂದು ಮಾತು ಎಸೆದು ನಿಲ್ಲುತ್ತಾನೆ. ನಗೆ ಏರಿ, ಇಳಿಯಲು ಶುರುವಾದಾಗ, ಪೂರ್ತಿ ಆರುವ ಮೊದಲೇ ಮುಂದಿನ ಮಾತು. ಆ ರಾತ್ರಿಯ ಜನ ಹೇಗಿದ್ದಾರೋ ಹಾಗೆ ನಿಲುಗಡೆ. ಸಿನಿಮಾಕ್ಕೆ ಈ ಅನುಕೂಲವಿಲ್ಲ. ಸಂಕಲನದ ಮೇಜಿನಲ್ಲೇ ಜನ ಎಷ್ಟು ಹೊತ್ತು ನಗಬಹುದು ಎಂದು ಊಹಿಸಿ, ಮಾತಿಲ್ಲದ ಎರಡು ಮೂರು ಸೆಕೆಂಡು ಬಿಡಬೇಕು. ಆ ಹೊತ್ತಿನಲ್ಲಿ ಒಬ್ಬ ಕನ್ನಡಕ ಸರಿಮಾಡಿಕೊಳ್ಳುತ್ತಾನೆ, ಒಬ್ಬಳು ಬಾಗಿಲು ಹಾಕಿಕೊಂಡು ಹೋಗುತ್ತಾಳೆ. ಮುನ್ನೂರು ಜನರ ನಗೆಯನ್ನು ಇಡಲು ಮಾಡಿದ ಜಾಗ ಅದು. ಈಗ ಮೊಮ್ಮಗ ಒಬ್ಬನೇ ಕೂತು ಮೊಬೈಲಿನಲ್ಲಿ ನೋಡುತ್ತಾನೆ, “ಅಜ್ಜ, ಇದು ಬಹಳ ಎಳೆದಿದ್ದಾರೆ” ಅನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ, ಅವನ ಪಾಲಿಗೆ ಆ ಜಾಗ ಖಾಲಿ.

ಟಿ.ವಿ.ಯಲ್ಲಿ ನೋಡಿದವರ ಕಥೆ ಬೇರೆ. ನಮ್ಮ ಹಳೆಯ ಟಿ.ವಿ. ಸೆಕೆಂಡಿಗೆ 25 ಚಿತ್ರ ತೋರಿಸುತ್ತಿತ್ತು. 24ರ ಫಿಲ್ಮನ್ನು 25ರಲ್ಲಿ ಓಡಿಸಿದರೆ 150 ನಿಮಿಷದ ಚಿತ್ರ 144ಕ್ಕೆ ಮುಗಿಯುತ್ತದೆ, ಒಂದೂ ದೃಶ್ಯ ಕತ್ತರಿಸದೆ. ದನಿಯೂ ಏರುತ್ತದೆ. ಹಾರ್ಮೋನಿಯಂನಲ್ಲಿ ಪಕ್ಕದ ಪಟ್ಟಿಗೆ ಪೂರ್ತಿ ಹೋಗುವುದಿಲ್ಲ, ಮುಕ್ಕಾಲು ದಾರಿ ಹೋಗಿರುತ್ತದೆ. ಅನಂತನಾಗ್ ಅವರ ಹಾಸ್ಯದ ಜೀವವೇ ತಗ್ಗಿದ ದನಿ, ಅವಸರವಿಲ್ಲದ ಮಾತು. ಅದು ತುಸು ಚುರುಕಾದರೂ ಬೇರೆ ಮನುಷ್ಯ ಮಾತಾಡಿದ ಹಾಗೆ.

ಅಗಲತೆರೆಯ ಚಿತ್ರವಾದರೆ ಇನ್ನೂ ಕಷ್ಟ. ಎತ್ತರ 1 ಇದ್ದರೆ ಅಗಲ 2.35 ಇರುವ ಚಿತ್ರವನ್ನು, ಮೂರಕ್ಕೆ ನಾಲ್ಕರ ಹಳೆಯ ಟಿ.ವಿ. ತುಂಬುವಂತೆ ಹಿಗ್ಗಿಸಿದರೆ ಎರಡೂ ಬದಿ ಸೇರಿ ಹತ್ತರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಚಿತ್ರ ಹೊರಗೆ ಬೀಳುತ್ತದೆ. ನಡುವೆ ನಿಂತು ಭಾಷಣ ಬಿಗಿಯುವವನು ಉಳಿದ, ಮೂಲೆಯಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡವಳು ಹೋದಳು. ಹಾಸ್ಯ ಇದ್ದದ್ದು ಆ ಮೂಲೆಯಲ್ಲಿ.

ಕ್ಯಾಸೆಟ್ಟಿನವರು ಮಾತು ಬಾಯಿಪಾಠ ಒಪ್ಪಿಸುತ್ತಾರೆ, ಅವರನ್ನು ಸೋಲಿಸಲಾಗದು. ಆದರೆ ಎರಡು ಬದಿ ಸೇರಿ 60 ನಿಮಿಷದ ಪಟ್ಟಿಯಲ್ಲಿ ಎರಡೂವರೆ ತಾಸು ಹಿಡಿಯುವುದಿಲ್ಲ. ಮಾತಿಲ್ಲದ ಹಾಸ್ಯವೆಲ್ಲ ಮೊದಲು ಹೋಗುತ್ತದೆ.

ಹಾಗಾದರೆ ಜಗಳವನ್ನು ನ್ಯಾಯವಾಗಿ ಆಡುವುದು ಹೇಗೆ? ಒಂದೇ ಪ್ರತಿಯನ್ನು ಎಲ್ಲರೂ ಒಟ್ಟಿಗೆ ಕೂತು ನೋಡಬೇಕು. ಊರಿನ ಸಭಾಭವನ ಸಾಕು, ಐವತ್ತು ಜನ ಸಾಕು. ಹತ್ತು ಜನರಿದ್ದರೆ ನಗೆ ಹಬ್ಬುವುದಿಲ್ಲ, ಅಷ್ಟು ಕಡಿಮೆಗೆ ಮಾಡಬೇಡಿ. ಕುರ್ಚಿಗಳನ್ನು ದೂರ ದೂರ ಇಡುವುದೂ ತಪ್ಪು, ಪಕ್ಕದವರ ಭುಜ ಅಲುಗಿದ್ದು ನಿಮಗೆ ತಾಗಬೇಕು.

ಎಂಟು ಅಡಿ ಅಗಲದ ಬಿಳಿ ತೆರೆಗೆ ಮೂರು ಸಾವಿರ ಲ್ಯೂಮೆನ್ನಿನ ಪ್ರೊಜೆಕ್ಟರು ಬೇಕಾದಷ್ಟಾಯಿತು, ಕತ್ತಲೆ ಮಾತ್ರ ಸರಿಯಾಗಿರಬೇಕು. ನಮ್ಮ ಕರಾವಳಿಯಲ್ಲಿ ಡಿಸೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತದೆ, ಏಳಕ್ಕೆ ಶುರು ಮಾಡಿ. ಪ್ರೊಜೆಕ್ಟರಿನಲ್ಲಿ ಚಿತ್ರವನ್ನು ಎಳೆದು ತೆರೆ ತುಂಬಿಸುವ ಆಯ್ಕೆ ಇರುತ್ತದೆ, ಅದನ್ನು ತೆಗೆದುಹಾಕಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ. ದೊಡ್ಡ ಟಿ.ವಿ.ಯಲ್ಲಿ ತೋರಿಸುವವರು, ಚಲನೆಯನ್ನು ನುಣುಪು ಮಾಡುವ ವ್ಯವಸ್ಥೆಯನ್ನು ಬಂದ್ ಮಾಡಿಬಿಡಿ. ಅದು ಇಲ್ಲದ ಚೌಕಗಳನ್ನು ತಾನೇ ಹುಟ್ಟಿಸಿ ಹಳೆಯ ಚಿತ್ರವನ್ನು ಧಾರಾವಾಹಿಯ ಹಾಗೆ ಕಾಣಿಸುತ್ತದೆ.

ಎಲ್ಲರೂ ಎಡವುವುದು ಧ್ವನಿಯಲ್ಲಿ. ಬ್ಲೂಟೂತ್ ಸ್ಪೀಕರು ತರುತ್ತಾರೆ. ಬಹಳ ಸಲ ಅದರಲ್ಲಿ ಮಾತು ಸೆಕೆಂಡಿನ ಹತ್ತನೇ ಒಂದು, ಎರಡು ಭಾಗದಷ್ಟು ತಡವಾಗಿ ಬರುತ್ತದೆ. ಟೆಂಟಿನಲ್ಲಿ ಕುಣಿಕೆ ತಪ್ಪಿದಾಗ ಆಗುತ್ತಿದ್ದ ಅದೇ ರೋಗ, ಮೂವತ್ತು ವರ್ಷದ ಮೇಲೆ ಹೊಸ ಅಂಗಿ ತೊಟ್ಟು ಬಂದಿದೆ. ತಂತಿಯಲ್ಲೇ ಜೋಡಿಸಿ. ಎರಡು ಸ್ಪೀಕರುಗಳನ್ನು ತೆರೆಯ ಎರಡೂ ಬದಿಗೆ, ಕೂತವರ ತಲೆಯ ಎತ್ತರಕ್ಕಿಂತ ತುಸು ಮೇಲೆ ಇಡಿ. ನೆಲದ ಮೇಲಿಟ್ಟರೆ ಮುಂದಿನ ಸಾಲಿಗೆ ಕಿವಿ ಗಡಚಿಕ್ಕುತ್ತದೆ, ಹಿಂದಿನ ಸಾಲಿಗೆ ಮಾತು ಹತ್ತುವುದಿಲ್ಲ. ತಂತಿಗಳನ್ನು ಜನ ಓಡಾಡುವ ದಾರಿಯಲ್ಲಿ ಬಿಡಬೇಡಿ, ನೆಲಕ್ಕೆ ಟೇಪು ಹಚ್ಚಿ. ಅಂಗಡಿಯಲ್ಲಿ ಡಿಸ್ಕು ಕೊಂಡಿದ್ದೇವೆ, ತಿಂಗಳ ಚಂದಾ ಕಟ್ಟಿದ್ದೇವೆ ಎಂದ ಮಾತ್ರಕ್ಕೆ ಸಾರ್ವಜನಿಕವಾಗಿ ತೋರಿಸುವ ಹಕ್ಕು ಬರುವುದಿಲ್ಲ, ಹಕ್ಕುದಾರರ ಒಪ್ಪಿಗೆ ಪಡೆಯಬೇಕು ಎನ್ನುವುದೂ ಗೊತ್ತಿರಲಿ.

ಅಟ್ಟದ ಮೇಲಿನ ಹಳೆಯ ವಿಡಿಯೋ ಕ್ಯಾಸೆಟ್ಟನ್ನೇ ಹಾಕುತ್ತೇವೆ ಎನ್ನುವವರಿಗೆ ಒಂದು ಮಾತು. ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ ಬೀಳುವ ಊರು ನಮ್ಮದು. ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯ ಅಂಚು ನೋಡಿ. ಬಿಳಿ ಪುಡಿ, ಬಿಳಿ ದಾರದ ಹಾಗೆ ಕಂಡರೆ ಅದು ಬೂಸು. ಹಾಗೇ ಹಾಕಿದರೆ ಯಂತ್ರದ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಮುಂದೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ಬಿಸಿಲಿಗೆ ಇಡಬೇಡಿ, ಪಟ್ಟಿ ಸುರುಟುತ್ತದೆ. ಒಲೆಯ ಮೇಲಿನ ಅಟ್ಟ ಅಡಿಕೆಗೆ, ಕೊಬ್ಬರಿಗೆ ಒಳ್ಳೆಯದು, ಕ್ಯಾಸೆಟ್ಟಿಗೆ ಹೊಗೆ ಬೂಸಿನಷ್ಟೇ ಕೆಟ್ಟದ್ದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ನಿಲ್ಲಿಸಿಡಿ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದಿದೆ ಎಂದರ್ಥ, ಬದಲಿಸಿ. ಯಾರದಾದರೂ ಮನೆಯಲ್ಲಿ ಫಿಲ್ಮಿನ ಡಬ್ಬವೇ ಉಳಿದಿದ್ದು, ತೆರೆದಾಗ ಹುಳಿ ವಿನೆಗರಿನ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೊಳೆಯತೊಡಗಿದೆ. ಸೆಕೆ ಮತ್ತು ತೇವ ಸೇರಿದಲ್ಲಿ ಅದು ಬೇಗ ಹೆಚ್ಚುತ್ತದೆ. ಬೇರೆ ಡಬ್ಬಗಳಿಂದ ಅದನ್ನು ದೂರ ಇಡಿ.

ಈಗ ವಾದದ ನಿಯಮ. ಮೊದಲು ಹತ್ತು ವರ್ಷದ ಬೇಲಿ ಹಾಕಿಕೊಳ್ಳಿ, ಉದಾಹರಣೆಗೆ 1985ರಿಂದ 1994. ಇಬ್ಬರ ಕೈಗೆ ಗಡಿಯಾರ, ಪುಸ್ತಕ ಕೊಟ್ಟು ಎರಡು ಮೂಲೆಯಲ್ಲಿ ಕೂರಿಸಿ. ಇಡೀ ಸಭೆ ನಕ್ಕ ನಿಮಿಷವನ್ನು ಮಾತ್ರ ಬರೆಯಬೇಕು, ಒಬ್ಬಿಬ್ಬರ ನಗೆ ಲೆಕ್ಕಕ್ಕಿಲ್ಲ. ಚಿತ್ರ ಶುರುವಾಗುವ ಮೊದಲೇ ಪ್ರತಿಯೊಬ್ಬರೂ ತಮಗೆ ಅತ್ಯಂತ ನೆನಪಿರುವ ಹಾಸ್ಯದ ದೃಶ್ಯ ಯಾವುದು, ಅದರಲ್ಲಿ ಯಾರು ಏನು ಹೇಳುತ್ತಾರೆ ಎಂದು ಚೀಟಿಯಲ್ಲಿ ಬರೆದು ಕೊಡಲಿ. ಆಮೇಲೆ ಹೋಲಿಸಿ. ನೆನಪಿನ ಮಾತಿಗೂ ತೆರೆಯ ಮಾತಿಗೂ ಎಷ್ಟು ದೂರವಿದೆ ಎನ್ನುವುದೇ ಅರ್ಧ ಸಂಜೆಯ ಚರ್ಚೆಯಾಗುತ್ತದೆ. ನಟ ಬಾಯಿ ತೆರೆಯುವ ಮೊದಲೇ ಸಂಭಾಷಣೆ ಹೇಳಿಬಿಡುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಅವರನ್ನು ಹೊರಗೆ ಕಳಿಸುವುದು ಕಷ್ಟ, ಚಾ ಹಂಚುವ ಕೆಲಸ ಕೊಟ್ಟುಬಿಡಿ.

ನಗದೇ ಉಳಿದ ನಿಮಿಷಗಳನ್ನೂ ಗಮನಿಸಿ. ಕುಳ್ಳ, ಡುಮ್ಮಿ, ತೊದಲುವವನು ಎಂಬುದನ್ನೇ ಹಾಸ್ಯ ಮಾಡಿಕೊಂಡ ದೃಶ್ಯಗಳು ಆ ದಶಕದಲ್ಲಿ ಬೇಕಾದಷ್ಟಿವೆ. ಆಗ ನಕ್ಕವರೂ ಈಗ ಕುರ್ಚಿಯಲ್ಲಿ ಸರಿದು ಕೂರುತ್ತಾರೆ. ಹೆಂಡತಿಗೆ ಹೊಡೆಯುವ ಹಾಸ್ಯಕ್ಕೆ ಹೆಂಗಸರ ಸಾಲು ಆಗಲೂ ನಕ್ಕಿರಲಿಲ್ಲವೇನೋ, ಕೇಳಿದವರಿರಲಿಲ್ಲ. ಆ ಸಾಲಿಗೆ ಒಂದು ಪುಸ್ತಕ ಬೇರೆಯೇ ಕೊಡಿ.

ನನ್ನ ಮತ ಕೇಳಿದರೆ ‘ಗಣೇಶನ ಮದುವೆ’ಗೆ. ಮನೆಯೊಡೆಯನಾಗಿ ಮುಖ್ಯಮಂತ್ರಿ ಚಂದ್ರು, ಬಾಡಿಗೆಯವನಾಗಿ ಅನಂತನಾಗ್, ಮನೆಯೊಡೆಯನ ಮಗಳಾಗಿ ವಿನಯಾ ಪ್ರಸಾದ್. ಒಂದೇ ವಠಾರ, ನಡುವೆ ಅಂಗಳ. ಮುಖಾಮುಖಿ ಕಂಡರೆ ಹಾವು ಮುಂಗುಸಿಯಾದ ಇಬ್ಬರು, ಒಬ್ಬರನ್ನೊಬ್ಬರು ಗುರುತಿಸದೆ ಒಲಿಯುವ ಕಥೆ. ಯಾರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬ ಲೆಕ್ಕ ಎಲ್ಲಿಯೂ ತಪ್ಪುವುದಿಲ್ಲ. ಆದ್ದರಿಂದ ಪ್ರಿಂಟು ನಾಲ್ಕು ಕಡೆ ಹರಿದರೂ ನಗೆ ಉಳಿಯುತ್ತದೆ. ‘ಗೌರಿ ಗಣೇಶ’ದ ಮಾತು ಇದಕ್ಕಿಂತ ಹರಿತ, ಒಪ್ಪುತ್ತೇನೆ. ಆದರೆ ಮೊದಲ ಹದಿನೈದು ನಿಮಿಷ ತಡವಾಗಿ ಬಂದವರಿಗೆ ಅದು ಹತ್ತುವುದಿಲ್ಲ.

ಒಪ್ಪದವರು ಗಡಿಯಾರ ಹಿಡಿದು ಕೂತು, ನಿಮಿಷ ಬರೆದ ಪುಸ್ತಕ ತಂದು ಮಾತಾಡಬಹುದು. ನಮಸ್ಕಾರ.