ಎತ್ತರ 4 ಅಡಿ 11 ಇಂಚು: ನನ್ನ ಮೊದಲ ರೋಡ್ ಬೈಕ್ ಆರಿಸಿದ್ದು ಹೀಗೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಡಿಯೋ ನನ್ನ ಹಾಗೆ ಕುಳ್ಳಗಿರುವ ಹೆಣ್ಣುಮಕ್ಕಳಿಗೆ. ನನ್ನ ಎತ್ತರ 150 ಸೆಂಟಿಮೀಟರ್, ಅಂದರೆ 4 ಅಡಿ 11 ಇಂಚು. ತೂಕ 48 ಕೆಜಿ. ರೋಡ್ ಬೈಕ್ ಅಂದರೆ ಮೋಟಾರ್ ಬೈಕ್ ಅಲ್ಲ, ಹ್ಯಾಂಡಲ್ ಕೆಳಕ್ಕೆ ಬಾಗಿರುವ, ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್. ಈ ಮೈಗೆ ಹೊಂದುವ ರೋಡ್ ಬೈಕನ್ನು, ಕೈಗೆಟಕುವ ದುಡ್ಡಿನಲ್ಲಿ ಹುಡುಕುವಾಗ ಏನೇನು ನೋಡಬೇಕು ಅಂತ ಇವತ್ತು ನಿಧಾನವಾಗಿ ಹೇಳುತ್ತೇನೆ.

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ನನ್ನ ಸೈಕಲ್. ಅಲ್ಯೂಮಿನಿಯಂ ಫ್ರೇಮ್, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಕಾರ್ಬನ್‌ನದು, ಹಿಂದೆ 8 ಗೇರ್. ಇದರ ಬ್ರ್ಯಾಂಡ್ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಅದನ್ನೇ ಹುಡುಕಿಕೊಂಡು ಹೋಗುತ್ತೀರಿ. ನನ್ನ ಕಾಲಿನ ಉದ್ದ ಬೇರೆ, ನಿಮ್ಮದು ಬೇರೆ.

ಅಂಗಡಿಗೆ ಹೋದರೆ ಮೊದಲು ಕೇಳಿಸುವ ಮಾತು ಇದು: "ಮೇಡಂ, ಸೀಟ್ ಇಳಿಸಿ ಕೊಡ್ತೀನಿ, ಸರಿಹೋಗುತ್ತೆ." ಸೀಟು ಇಳಿಯುತ್ತದೆ, ನಿಜ. ಕಾಲೂ ಪೆಡಲ್‌ಗೆ ಎಟಕುತ್ತದೆ. ಆದರೆ ಹ್ಯಾಂಡಲ್ ಅಷ್ಟೇನೂ ಹತ್ತಿರ ಬರುವುದಿಲ್ಲ, ಅಲ್ವಾ? ಫ್ರೇಮಿನ ಉದ್ದ ಇದ್ದಷ್ಟೇ ಇರುತ್ತದೆ. ಅಣ್ಣನ ಅಂಗಿಯ ತೋಳು ಮಡಚಿ ಹಾಕಿಕೊಂಡರೆ ಭುಜದ ಹೊಲಿಗೆ ಜಾಗಕ್ಕೆ ಬರುತ್ತದೆಯೇ? ಇದೂ ಹಾಗೆಯೇ. ಕುಳ್ಳಗಿರುವವರಿಗೆ ಸೈಕಲ್‌ನ ಎತ್ತರಕ್ಕಿಂತ ಉದ್ದವೇ ಜಾಸ್ತಿ ಕಾಟ ಕೊಡುವುದು. ಈ ವಿಡಿಯೋದಲ್ಲಿ ಬೇರೆ ಏನು ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ.

ಉದ್ದ ಜಾಸ್ತಿಯಾದರೆ ಏನಾಗುತ್ತದೆ? ಅಂಗಡಿ ಮುಂದೆ ಎರಡು ಸುತ್ತು ಹೊಡೆದಾಗ ಏನೂ ಗೊತ್ತಾಗುವುದಿಲ್ಲ. ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಕತ್ತು ಹಿಡಿಯುತ್ತದೆ. ಮೊಣಕೈ ನೆಟ್ಟಗೆ ಸೆಟೆದುಕೊಳ್ಳುತ್ತದೆ. ರಸ್ತೆಯ ಗುಂಡಿಯ ಏಟೆಲ್ಲ ನೇರ ಭುಜಕ್ಕೆ ಬರುತ್ತದೆ. ಕಿರುಬೆರಳಿನ ಕಡೆ ಅಂಗೈ ಜೋಮು ಹಿಡಿಯುತ್ತದೆ. ಹ್ಯಾಂಡಲ್ ಎಟಕಿಸಿಕೊಳ್ಳಲು ಗೊತ್ತಿಲ್ಲದೆಯೇ ಮುಂದೆ ಜಾರುತ್ತೀರಿ. ಆಗ ಮೈಭಾರವೆಲ್ಲ ಸೀಟಿನ ಚೂಪು ಮೂತಿಯ ಮೇಲೆ ಬೀಳುತ್ತದೆ. ನೋವು ಎಲ್ಲಿ ಶುರುವಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ಹೆಣ್ಣುಮಕ್ಕಳು ಇಲ್ಲಿಗೇ ರೋಡ್ ಬೈಕ್ ಬಿಟ್ಟುಬಿಡುತ್ತಾರೆ. "ನನ್ನ ಮೈಗೆ ಇದು ಆಗಿಬರಲ್ಲ" ಅನ್ನುತ್ತಾರೆ. ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮೈ ಸರಿಯಾಗೇ ಇದೆ, ಸೈಕಲ್ ದೊಡ್ಡದಾಯಿತು ಅಷ್ಟೇ.

ನಾವು ಹೀಗೆ ಸುಮ್ಮನಾಗುವುದಕ್ಕೆ ಕಾರಣವೂ ಇದೆ. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ಮುಂದೆ ನನಗೂ ಒಂದು ಸಿಕ್ಕಿತು. ಹೈಸ್ಕೂಲು ಮುಗಿಸಿದ್ದು ಅದರ ಮೇಲೇ, ಅದರ ಋಣ ನನ್ನ ಮೇಲೆ ದೊಡ್ಡದಿದೆ. ಆದರೆ ನಮ್ಮ ಶಾಲೆಗೆ ಬಂದದ್ದು ಎಲ್ಲ ಹುಡುಗಿಯರಿಗೂ ಒಂದೇ ಅಳತೆಯ ಸೈಕಲ್. ಸೀಟು ಪೂರ್ತಿ ಇಳಿಸಿದರೂ ಸೊಂಟ ಆ ಕಡೆ ಈ ಕಡೆ ಹೊರಳಿಸಿಕೊಂಡೇ ತುಳಿಯುತ್ತಿದ್ದೆ. ಅದಕ್ಕೂ ಮುಂಚೆ ಅಪ್ಪನ ಸೈಕಲ್‌ನಲ್ಲಿ ಒಳಪೆಡಲ್ ಹೊಡೆದವಳು. ಸೈಕಲ್‌ಗೆ ನಾವೇ ಹೊಂದಿಕೊಂಡು ಬೆಳೆದವರು. ಅದಕ್ಕೇ ಅಂಗಡಿಯವರು "ಅಭ್ಯಾಸ ಆಗುತ್ತೆ ಬಿಡಿ" ಅಂದರೆ ಥಟ್ಟನೆ ತಲೆಯಾಡಿಸುತ್ತೇವೆ. ಸ್ವಂತ ದುಡ್ಡು ಕೊಟ್ಟು ತಗೊಳ್ಳುವಾಗ ತಲೆಯಾಡಿಸಬೇಡಿ.

ಮನೆಯಲ್ಲೇ ಅಳತೆ ತೆಗೆದುಕೊಂಡು ಹೋಗಿ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಲ್ಲಿ. ಪಾದಗಳ ನಡುವೆ ಗೇಣು ಜಾಗ ಇರಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ಕಾಲುಗಳ ಸಂದಿಗೆ ಇಟ್ಟು, ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಿರಿ. ಅಮ್ಮನೋ ತಂಗಿಯೋ ಹಿಡಿದರೆ ಇನ್ನೂ ಒಳ್ಳೆಯದು, ಬಗ್ಗಿದರೆ ಅಳತೆ ತಪ್ಪುತ್ತದೆ. ಇದು ಒಳಗಾಲಿನ ಅಳತೆ. ನನ್ನದು 68 ಸೆಂಟಿಮೀಟರ್ ಬಂತು. ಇದನ್ನು 0.883ರಿಂದ ಗುಣಿಸಿದರೆ 60. ಕ್ರ್ಯಾಂಕ್, ಅಂದರೆ ಪೆಡಲ್ ಕೂರಿಸಿರುವ ತೋಳು, ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು ಇಷ್ಟು ದೂರ ಇರಬೇಕು. ಮೂರು ಸಲ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಲೆಕ್ಕ ಇದು. ಶುರುವಿಗೆ ಸಾಕು. ಆಮೇಲೆ ಮಂಡಿ ಹೇಳಿದಂತೆ ಸ್ವಲ್ಪ ಏರಿಸಿ, ಇಳಿಸಿ.

ಫ್ರೇಮಿನ ಮೇಲಿನ ಪೈಪು ದಾಟಿಸಿ ನಿಂತಾಗ ಎರಡು ಮೂರು ಸೆಂಟಿಮೀಟರ್ ಅಂತರ ಇರಬೇಕು ಎನ್ನುತ್ತಾರೆ. ಸರಿ, ಅದನ್ನೂ ನೋಡಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಈಗಿನ ಫ್ರೇಮ್‌ಗಳಲ್ಲಿ ಆ ಪೈಪು ಸೀಟಿನ ಕಡೆಗೆ ಇಳಿಜಾರಾಗಿರುತ್ತದೆ. ಹಾಗಾಗಿ ನಮ್ಮ ಅಳತೆಗಿಂತ ದೊಡ್ಡ ಫ್ರೇಮನ್ನೂ ಸಲೀಸಾಗಿ ದಾಟಿಸಿ ನಿಲ್ಲಬಹುದು.

ನೋಡಬೇಕಾದದ್ದು ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಸಂಖ್ಯೆ. ಕ್ರ್ಯಾಂಕಿನ ನಡುಬಿಂದುವಿನಿಂದ ಫ್ರೇಮಿನ ಮುಂದಿನ ಗಿಡ್ಡ ಪೈಪಿನ ಮೇಲ್ತುದಿ ಎಷ್ಟು ಮೇಲಿದೆ ಅನ್ನುವುದು ಸ್ಟ್ಯಾಕ್. ಎಷ್ಟು ಮುಂದಿದೆ ಅನ್ನುವುದು ರೀಚ್. ಒಳ್ಳೆಯ ಕಂಪನಿಗಳ ವೆಬ್‌ಸೈಟ್‌ನಲ್ಲಿ ಜಿಯಾಮೆಟ್ರಿ ಅಂತ ಒಂದು ಪಟ್ಟಿ ಇರುತ್ತದೆ, ಅಲ್ಲಿ ಎರಡೂ ಸಿಗುತ್ತವೆ. ಮೀಡಿಯಂ ಸೈಜಿನ ರೀಚ್ ಸಾಮಾನ್ಯವಾಗಿ 380 ಮಿಲಿಮೀಟರ್ ಆಸುಪಾಸು. ನಾನು ಹುಡುಕಿದ್ದು 360ರ ಒಳಗೆ. ಬರೀ ಎರಡು ಸೆಂಟಿಮೀಟರ್ ತಾನೇ ಅನ್ನಿಸಬಹುದು. ನನ್ನ ಕೈಗೆ ಆ ಎರಡು ಸೆಂಟಿಮೀಟರ್ ಅಂದರೆ, ಬ್ರೇಕ್ ಲಿವರ್‌ಗೆ ಬೆರಳಿನ ತುದಿ ತಾಗುವುದಕ್ಕೂ ಎರಡು ಬೆರಳು ಗಟ್ಟಿಯಾಗಿ ಸುತ್ತಿಕೊಳ್ಳುವುದಕ್ಕೂ ಇರುವ ಫರಕು.

ಎಕ್ಸ್‌ಎಸ್, ಅಂದರೆ ಎಕ್ಸ್‌ಟ್ರಾ ಸ್ಮಾಲ್, ಅನ್ನುವ ಸ್ಟಿಕ್ಕರ್ ನೋಡಿ ನಂಬಬೇಡಿ. ಒಂದು ಕಂಪನಿಯ ಎಕ್ಸ್‌ಎಸ್ ಇನ್ನೊಂದರ ಸ್ಮಾಲ್‌ನಷ್ಟೇ ಉದ್ದ ಇರಬಹುದು. ಮೇಲಿನ ಪೈಪಿನ ಉದ್ದವನ್ನು ನೋಡಿಯೂ ಮೋಸ ಹೋಗಬಹುದು. ಚಿಕ್ಕ ಫ್ರೇಮ್ ಮಾಡುವಾಗ ಕೆಲವರು ಸೀಟಿನ ಪೈಪನ್ನು ಜಾಸ್ತಿ ನೆಟ್ಟಗೆ ನಿಲ್ಲಿಸುತ್ತಾರೆ. 73 ಡಿಗ್ರಿ ಇರುವುದು 75 ಆಗುತ್ತದೆ. ಆಗ ಮೇಲಿನ ಪೈಪು ಗಿಡ್ಡವಾಗಿ ಕಾಣುತ್ತದೆ. ನಿಮ್ಮ ಮಂಡಿ ಸರಿಯಾದ ಜಾಗಕ್ಕೆ ಬರಲಿ ಅಂತ ಸೀಟನ್ನು ಹಿಂದಕ್ಕೆ ತಳ್ಳಿದ ಕೂಡಲೇ ಆ ಉದ್ದ ವಾಪಸ್ ಬರುತ್ತದೆ. ನನ್ನ ಸೀಟಿನ ಎತ್ತರದಲ್ಲಿ ಒಂದು ಡಿಗ್ರಿಗೆ ಸುಮಾರು ಒಂದು ಸೆಂಟಿಮೀಟರ್. ರೀಚ್ ಸಂಖ್ಯೆಯಲ್ಲಿ ಈ ಆಟ ನಡೆಯುವುದಿಲ್ಲ, ಅದು ಸೀಟಿನ ಕೋನಕ್ಕೆ ಸಂಬಂಧವೇ ಇಲ್ಲದ ಅಳತೆ.

ಈಗ ಒಂದು ಕ್ಲೋಸಪ್ ತೋರಿಸುತ್ತೇನೆ. ಬಲಗಾಲಿನ ಪೆಡಲ್ ಮುಂದಕ್ಕೆ ಮಟ್ಟವಾಗಿ ನಿಂತಿದೆ. ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತಿದ್ದೇನೆ. ನೋಡಿ, ಚಕ್ರದ ಹಿಂಭಾಗ ನನ್ನ ಶೂ ಮೂತಿಗೆ ಬಂದು ಸವರಿತು. ಸಣ್ಣ ಫ್ರೇಮಿಗೆ ದೊಡ್ಡ ಚಕ್ರ ಹಾಕಿದಾಗ ಹೀಗಾಗುತ್ತದೆ. ರೋಡ್ ಬೈಕ್‌ಗಳಲ್ಲಿ ಬಹುತೇಕ 700ಸಿ ಎಂಬ ಒಂದೇ ದೊಡ್ಡ ಅಳತೆಯ ಚಕ್ರ ಇರುತ್ತದೆ. ಆರಡಿ ಗಂಡಸಿಗೂ ಅದೇ, ನನಗೂ ಅದೇ. ವೇಗದಲ್ಲಿ ಹೋಗುವಾಗ ಹ್ಯಾಂಡಲ್ ಇಷ್ಟು ತಿರುಗುವುದೇ ಇಲ್ಲ, ಹಾಗಾಗಿ ಭಯ ಬೇಡ. ಆದರೆ ಸಿಗ್ನಲ್‌ನಲ್ಲಿ ನಿಧಾನವಾಗಿ ಯೂ ಟರ್ನ್ ಹೊಡೆಯುವಾಗ ಎಚ್ಚರ ಇರಬೇಕು. ಸ್ವಲ್ಪ ಸವರಿದರೆ ನಡೆಯುತ್ತದೆ. ಅರ್ಧ ಪಾದ ಅಡ್ಡ ಬಂದರೆ ಆ ಸೈಕಲ್ ಬೇಡ.

ಈ ತೊಂದರೆಯನ್ನು ಮನಸ್ಸಿಗೆ ಹಚ್ಚಿಕೊಂಡ ಒಬ್ಬರನ್ನು ಇಲ್ಲಿ ನೆನೆಯಲೇಬೇಕು. ಅಮೆರಿಕದ ಜಾರ್ಜೀನಾ ಟೆರ್ರಿ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1985ರಲ್ಲಿ ಹೆಂಗಸರ ಸೈಕಲ್‌ಗೆಂದೇ ಕಂಪನಿ ಶುರು ಮಾಡಿದರು. ಅವರ ಚಿಕ್ಕ ಫ್ರೇಮ್‌ಗಳಲ್ಲಿ ಹಿಂದೆ ಮಾಮೂಲಿ ಚಕ್ರ, ಮುಂದೆ 24 ಇಂಚಿನ ಪುಟ್ಟ ಚಕ್ರ. ನೋಡಲು ವಿಚಿತ್ರ ಅನ್ನಿಸುತ್ತದೆ, ಆದರೆ ಪಾದಕ್ಕೆ ಜಾಗ ಸಿಕ್ಕಿತು, ಹ್ಯಾಂಡಲ್ ಹತ್ತಿರ ಬಂತು. ಆಮೇಲೆ 2008ರಲ್ಲಿ ತೈವಾನಿನ ಸೈಕಲ್ ಕಂಪನಿ ಜೈಂಟ್‌ನ ಬಾನಿ ತು ಹೆಂಗಸರಿಗಾಗಿಯೇ ಲಿವ್ ಎಂಬ ಬ್ರ್ಯಾಂಡ್ ತಂದರು. ಹಾಗಂತ ಹೆಂಗಸರ ಮಾಡೆಲ್ಲೇ ಬೇಕು ಅಂತಿಲ್ಲ. ಅಳತೆ ಕೂಡಿಬಂದರೆ ಯಾವುದಾದರೂ ಸರಿ. ಬಣ್ಣ ಗುಲಾಬಿಯೋ ಕಪ್ಪೋ ನಿಮ್ಮಿಷ್ಟ.

ಬ್ರೇಕ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪವೂ ರಾಜಿ ಇಲ್ಲ. ಅಂಗಡಿಯಲ್ಲೇ ಹ್ಯಾಂಡಲಿನ ಕೆಳಗಿನ ಬಾಗನ್ನು ಹಿಡಿದು ನೋಡಿ. ಅಲ್ಲಿಂದ ಲಿವರ್‌ಗೆ ಎರಡು ಬೆರಳು ಸುತ್ತಬೇಕು. ಚಾಮುಂಡಿ ಬೆಟ್ಟ ಇಳಿಯುವಾಗ ಎದುರಿಗೆ ಬಸ್ಸು ಬರುತ್ತದೆ, ಆಗ ಬೆರಳು ಚಾಚಿ ಚಾಚಿ ಹುಡುಕುವುದಕ್ಕೆ ಟೈಮ್ ಇರುವುದಿಲ್ಲ. ಈಗಿನ ಬಹಳಷ್ಟು ಲಿವರ್‌ಗಳಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅಲೆನ್ ಕೀ ಎಂಬ ಆರು ಮೂಲೆಯ ಚಾವಿ ಹಾಕಿ ತಿರುಗಿಸಿದರೆ ಲಿವರ್ ಹ್ಯಾಂಡಲ್ ಕಡೆಗೆ ಬರುತ್ತದೆ. ಎಷ್ಟೋ ಕಡೆ ಇದನ್ನು ಹೇಳುವುದೇ ಇಲ್ಲ. ನೀವೇ ಬಾಯಿಬಿಟ್ಟು ಕೇಳಿ: "ಅಣ್ಣ, ಲಿವರ್ ಸ್ವಲ್ಪ ಒಳಗೆ ತಂದುಕೊಡಿ."

ಗೇರ್ ಬದಲಿಸುವುದನ್ನೂ ಹಾಗೆಯೇ ಪರೀಕ್ಷೆ ಮಾಡಿ. ಗೇರ್ ತಯಾರಿಸುವ ಶಿಮಾನೋ ಕಂಪನಿಯ ಟೂರ್ನಿ ಎ070 ಎಂಬ 7 ಗೇರಿನ ಅಗ್ಗದ ಶಿಫ್ಟರ್‌ನಲ್ಲಿ ಹೆಬ್ಬೆರಳಿನಿಂದ ಒತ್ತುವ ಒಂದು ಗುಂಡಿ ಪಕ್ಕದಲ್ಲಿರುತ್ತದೆ. ಕೈ ಮೇಲಿದ್ದಾಗ ಸರಿ, ಕೆಳಗಿನ ಬಾಗು ಹಿಡಿದಿದ್ದರೆ ಹೆಬ್ಬೆರಳು ಅಲ್ಲಿಗೆ ಹೋಗುವುದಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಕ್ಲಾರಿಸ್ 8 ಗೇರ್‌ನಲ್ಲಿ ಗೇರ್ ಏರಿಸುವ, ಇಳಿಸುವ ಎರಡೂ ಕೆಲಸ ಬ್ರೇಕ್ ಲಿವರ್ ಮತ್ತು ಅದರ ಹಿಂದಿನ ಪುಟ್ಟ ಲಿವರ್‌ನಿಂದಲೇ ಆಗುತ್ತದೆ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಚಿಕ್ಕ ಕೈಗೆ ಅದು ವಾಸಿ. ಸೋರಾ, ಟಿಯಾಗ್ರಾ ಎಂದು ಇನ್ನೂ ಮೇಲೆ ಹೋಗುತ್ತಾ ಬಜೆಟ್ ಕೆಡಿಸಿಕೊಳ್ಳಬೇಡಿ.

ಚೈನ್ ಕೂರುವ ಹಲ್ಲುಚಕ್ರಗಳ ಹಲ್ಲಿನ ಲೆಕ್ಕ ನೋಡಿ. ಮುಂದೆ 50 ಮತ್ತು 34, ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 32 ಇದ್ದರೆ ಬೆಟ್ಟ ಹತ್ತುವುದು ಆಗುವ ಮಾತು. ಮುಂದೆ 52, 39 ಇರುವ ಹಳೆಯ ರೇಸ್ ಸೈಕಲ್ ಅಗ್ಗಕ್ಕೆ ಸಿಕ್ಕರೂ ಮೊದಲ ಸೈಕಲ್ ಆಗಿ ಬೇಡ. ಮಂಡಿ ಉಳಿಸಿಕೊಳ್ಳಿ.

ಇನ್ನು ಬದಲಿಸಬಹುದಾದದ್ದು, ಬದಲಿಸಲು ಕಷ್ಟವಾದದ್ದು ಯಾವುದು ಎಂದು ತಿಳಿದಿದ್ದರೆ ದುಡ್ಡು ಉಳಿಯುತ್ತದೆ. ಹ್ಯಾಂಡಲ್ ಬದಲಿಸಬಹುದು. ಎರಡೂ ಭುಜದ ಮೂಳೆಗಳ ತುದಿಯಿಂದ ತುದಿಗೆ ಅಳೆಯಿರಿ, ಹ್ಯಾಂಡಲ್ ಅಗಲ ಅದಕ್ಕೆ ಹತ್ತಿರ ಇರಲಿ. ನನ್ನ ಸೈಕಲ್‌ಗೆ ಬಂದದ್ದು 40 ಸೆಂಟಿಮೀಟರ್, ಈಗ ಹಾಕಿರುವುದು 36. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಬದಲಿಸುವುದು ಇನ್ನೂ ಸುಲಭ. 90 ಮಿಲಿಮೀಟರ್ ತೆಗೆದು 70 ಹಾಕಿದೆ. ಆದರೆ ಉದ್ದದ ಫ್ರೇಮ್ ತಗೊಂಡು ಸ್ಟೆಮ್ಮನ್ನು 40ಕ್ಕೆ ಇಳಿಸುವ ಯೋಚನೆ ಬೇಡ, ಹ್ಯಾಂಡಲ್ ಚುರುಕಾಗಿ ಆ ಕಡೆ ಈ ಕಡೆ ಓಲಾಡತೊಡಗುತ್ತದೆ. ಸೀಟು ಕೂಡ ಬದಲಿಸಿಕೊಳ್ಳಬಹುದು. ನಾವು ಕೂತಾಗ ಭಾರ ಹೊರುವ ಎರಡು ಮೂಳೆಗಳ ಅಂತರಕ್ಕೆ ತಕ್ಕ ಅಗಲ ಇರಬೇಕು, ಮೆತ್ತಗಿರುವುದು ಮುಖ್ಯವಲ್ಲ. ಕ್ರ್ಯಾಂಕ್ ಮಾತ್ರ ದುಬಾರಿ. ಅದರ ಉದ್ದವನ್ನು ತೋಳಿನ ಒಳಬದಿಯಲ್ಲಿ, ಪೆಡಲ್ ಹತ್ತಿರ ಕೊರೆದಿರುತ್ತಾರೆ. ಬಗ್ಗಿ ಓದಿ. 165 ಮಿಲಿಮೀಟರ್ ಇದ್ದರೆ ಒಳ್ಳೆಯದು, 170ಕ್ಕಿಂತ ಜಾಸ್ತಿ ಬೇಡ. ಫ್ರೇಮ್ ಬದಲಿಸುವುದಂತೂ ಹೊಸ ಸೈಕಲ್ ಕೊಂಡಂತೆಯೇ. ಅದಕ್ಕೇ ದುಡ್ಡೆಲ್ಲ ಸರಿಯಾದ ಫ್ರೇಮಿಗೆ ಹಾಕಿ, ಉಳಿದದ್ದನ್ನು ನಿಧಾನಕ್ಕೆ ಮಾಡಿಕೊಳ್ಳಿ.

ನನ್ನ ಬಜೆಟ್ ಹೆಲ್ಮೆಟ್, ಲೈಟು, ಪಂಪು ಎಲ್ಲ ಸೇರಿ 50 ಸಾವಿರ. ಹೊಸದು ಕೊಳ್ಳುವವರಿಗೆ ಒಂದು ಒಳ್ಳೆಯ ಸುದ್ದಿ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಬೆಲೆ ಕೇಳುವಾಗ ಅದು ಲೆಕ್ಕದಲ್ಲಿದೆಯೇ ನೋಡಿ. ನಾನು ಸೆಕೆಂಡ್ ಹ್ಯಾಂಡ್ ಕಡೆ ಹೋದೆ. ಮೈಸೂರಿನಲ್ಲಿ ನನ್ನ ಅಳತೆ ಸಿಗಲಿಲ್ಲ, ಬೆಂಗಳೂರಿನಲ್ಲಿ ಸಿಕ್ಕಿತು. ಮಾರಿದ ಅಕ್ಕನೂ ನನ್ನಷ್ಟೇ ಎತ್ತರ. "ಈ ಸೈಜ್ ಯಾರೂ ಕೇಳಲ್ಲ ಕಣಮ್ಮ, ನೀನು ಓಡಿಸ್ತೀಯ ಅಂದ್ರೆ ಸಂತೋಷ" ಅಂದು 36 ಸಾವಿರಕ್ಕೆ ಕೊಟ್ಟರು. ಪುಟ್ಟ ಫ್ರೇಮಿಗೆ ಗಿರಾಕಿ ಕಡಿಮೆ. ಹುಡುಕುವುದು ಕಷ್ಟ, ಆದರೆ ಸಿಕ್ಕಾಗ ಚೌಕಾಶಿಗೆ ಅದೇ ಅನುಕೂಲ.

ಹಳೆಯದು ಕೊಳ್ಳುವಾಗ ಸೈಕಲನ್ನು ತಲೆಕೆಳಗು ಮಾಡಿ. ಕ್ರ್ಯಾಂಕ್ ಕೆಳಗೆ ಫ್ರೇಮ್ ನಂಬರ್ ಇರುತ್ತದೆ, ಬಿಲ್‌ನ ನಂಬರ್ ಜೊತೆ ತಾಳೆ ನೋಡಿ. ಪೈಪುಗಳು ಕೂಡುವ ಕಡೆ ಬಟ್ಟೆಯಿಂದ ಒರೆಸಿ, ಬಿರುಕು ಇದೆಯಾ ಅಂತ ಬೆಳಕಿನಲ್ಲಿ ನೋಡಿ. ಬಣ್ಣದ ಗೀರು ಪರವಾಗಿಲ್ಲ, ಉಗುರಿಗೆ ಸಿಕ್ಕುವ ಸೀಳು ಬೇಡವೇ ಬೇಡ. ಚೈನ್ ಸವೆದಿದ್ದರೆ ಅದರ ಬೆಲೆ ಕಡಿಮೆ ಮಾಡಿಸಿಕೊಳ್ಳಿ.

ಕೊನೆಯದಾಗಿ ಗಾಳಿ. ಟೈರ್ ಪಕ್ಕದಲ್ಲಿ ಬರೆದಿರುವ ದೊಡ್ಡ ಸಂಖ್ಯೆ ನೋಡಿ 100 ಪಿಎಸ್‌ಐ ತುಂಬಿಸಬೇಡಿ. ಅದು ಗರಿಷ್ಠ ಮಿತಿ ಅಷ್ಟೇ. ನನ್ನ 48 ಕೆಜಿಗೆ, 28 ಮಿಲಿಮೀಟರ್ ಟೈರಿಗೆ 60ರಿಂದ 65 ಸಾಕು. 100 ತುಂಬಿದರೆ ಸೈಕಲ್ ಕಲ್ಲಿನ ಮೇಲೆ ಕುಣಿಯುತ್ತದೆ, ಹಿಡಿತವೂ ಕಡಿಮೆ. ಇನ್ನೊಂದು, ಈ ಟ್ಯೂಬಿನ ತೆಳು ವಾಲ್ವ್‌ಗೆ ಪೆಟ್ರೋಲ್ ಬಂಕಿನ ಪೈಪು ಕೂರುವುದಿಲ್ಲ. ಪ್ರೆಸ್ಟಾ ಅಡಾಪ್ಟರ್ ಅಂತ ಬೆರಳುಗುರಿನಷ್ಟು ಹಿತ್ತಾಳೆ ತುಂಡು ಸಿಗುತ್ತದೆ. ಒಂದು ಮನೆಯಲ್ಲಿ, ಒಂದು ಬ್ಯಾಗಿನಲ್ಲಿ ಇರಲಿ.

ಪುಸ್ತಕ ಇಟ್ಟು ಅಳೆದ ನಿಮ್ಮ ಒಳಗಾಲಿನ ಉದ್ದ, ಎತ್ತರ, ಬಜೆಟ್ ಮೂರನ್ನೂ ಕಮೆಂಟ್‌ನಲ್ಲಿ ಹಾಕಿ. ಯಾವುದಾದರೂ ಸೈಕಲ್ ನೋಡಿಟ್ಟಿದ್ದರೆ ಅದರ ಸ್ಟ್ಯಾಕ್, ರೀಚ್ ಕೂಡ ಬರೆಯಿರಿ. ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ. ಮೈಸೂರಿನವರಾದರೆ ಭಾನುವಾರ ಬೆಳಗ್ಗೆ ಲಲಿತ ಮಹಲ್ ರಸ್ತೆಗೆ ಬಂದು ನನ್ನ ಸೈಕಲ್ ಮೇಲೇ ಕೂತು ನೋಡಿ, ಅಲೆನ್ ಕೀ ನಾನು ತರುತ್ತೇನೆ.