ಮಗು ಹೇಳುವ ಸಾಲಿನಿಂದಲೇ ಶುರು

ಕೇಳುಗರಿಗೆ ನಮಸ್ಕಾರ.

ಆಟಿಸಂ ಇರುವ ಎಷ್ಟೋ ಮಕ್ಕಳು ಕೇಳಿದ ಮಾತನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಟೀವಿ ಜಾಹೀರಾತು, ಟೀಚರ್ ಬೈದದ್ದು, ಕಂಡಕ್ಟರ್ ಕೂಗಿದ್ದು, ಯಾವುದೂ ಆಗಬಹುದು. ಇದಕ್ಕೆ ಎಕೋಲೇಲಿಯಾ ಅನ್ನುತ್ತಾರೆ. ಮನೆಯಲ್ಲಿ ‘ಸಾಕು, ಸುಮ್ನಿರು’ ಅಂತ ಗದರುತ್ತೇವೆ, ಅಲ್ವಾ? ಆದರೆ ಬಹಳ ಸಲ ಮಗು ಆ ಮಾತಿನಲ್ಲೇ ತನಗೆ ಬೇಕಾದ್ದನ್ನು ಹೇಳುತ್ತಿರುತ್ತದೆ. ಅಲ್ಲದೆ, ಒಂದೇ ಸಾಲು ಮರಳಿ ಬರುವುದು ನಮಗೇನು ಹೊಸದೇ? ಹಾಡಿಗೆ ಪಲ್ಲವಿ ಇದೆ, ವಚನಕ್ಕೆ ಅಂಕಿತ ಇದೆ. ಈ ಮಕ್ಕಳಿಗೆ ಕವಿತೆ ಕಲಿಸುವಾಗ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ತರಗತಿಯ ಹುಡುಗನೊಬ್ಬ ಇಡೀ ದಿನ ಮೆಟ್ರೋದಲ್ಲಿ ಕೇಳಿದ್ದನ್ನೇ ಹೇಳುತ್ತಿದ್ದ. ‘ಮುಂದಿನ ನಿಲ್ದಾಣ’ ಅಂತ ಬೋರ್ಡಿನ ಮೇಲೆ ಬರೆದು ಮುಂದೆ ಜಾಗ ಬಿಟ್ಟೆ. ಅದರ ಕೆಳಗೆ ಮತ್ತೆ ಅದನ್ನೇ ಬರೆದೆ. ಆಮೇಲೆ ಕಾದೆ. ಈ ಕೆಲಸದಲ್ಲಿ ಕಾಯುವುದೇ ಜಾಸ್ತಿ. ಮೊದಮೊದಲು ನಿಜವಾದ ನಿಲ್ದಾಣಗಳ ಹೆಸರೇ ಬಂದವು. ಒಂದು ದಿನ ಟ್ಯಾಬ್‌ನಲ್ಲಿ ತಾನಾಗಿಯೇ ಒತ್ತಿದ:

ಮುಂದಿನ ನಿಲ್ದಾಣ ಅಜ್ಜಿ ಮನೆ.
ಮುಂದಿನ ನಿಲ್ದಾಣ ಫ್ಯಾನ್.
ಮುಂದಿನ ನಿಲ್ದಾಣ ಮಿಕ್ಸಿ. ಬಾಗಿಲು ತೆರೆಯುವುದಿಲ್ಲ.

ಮಿಕ್ಸಿ ಸದ್ದು ಅವನಿಗೆ ಎಷ್ಟು ಹಿಂಸೆ ಅಂತ ಅವರ ಅಮ್ಮನಿಗೆ ಗೊತ್ತಾಗಿದ್ದು ಆ ಸಾಲಿನಿಂದ. ಈಗ ಚಟ್ನಿ ರುಬ್ಬುವ ಮೊದಲು ಅವನಿಗೆ ಹೇಳುತ್ತಾರೆ. ಅವನು ಹೊರಗೆ ಹೋಗುತ್ತಾನೆ.

ಮಾತು ಬಾರದವರಿಗೆ ಕವಿತೆ ಎಲ್ಲಿಂದ ಬರಬೇಕು ಅಂತ ಕೇಳುವವರಿಗೆ ತಿತೊ ರಾಜರ್ಷಿ ಮುಖೋಪಾಧ್ಯಾಯ ಅವರ ಹೆಸರು ಹೇಳುತ್ತೇನೆ. ಅವರು ಆಟಿಸಂ ಇರುವ ಬರಹಗಾರರು, ಬಾಲ್ಯದಲ್ಲಿ ಮೈಸೂರು, ಬೆಂಗಳೂರಿನಲ್ಲಿ ಬೆಳೆದವರು. ಮಾತು ತೀರಾ ಕಡಿಮೆ. 8ರಿಂದ 11ನೇ ವಯಸ್ಸಿನೊಳಗೆ ಅವರು ಇಂಗ್ಲಿಷಿನಲ್ಲಿ ಬರೆದದ್ದನ್ನು 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪುಸ್ತಕವಾಗಿ ತಂದಿತು. ಅವರ ತಾಯಿ ಸೋಮಾ ಮಗನಿಗೆ ಕಲಿಸುತ್ತಾ ರೂಪಿಸಿದ ಪದ್ಧತಿ ಈಗ ಬೇರೆ ಮಕ್ಕಳಿಗೂ ಬಳಕೆಯಲ್ಲಿದೆ. ದೊಡ್ಡವರು ಅಕ್ಷರದ ಹಲಗೆ ಹಿಡಿಯುತ್ತಾರೆ, ಮಗು ಅಕ್ಷರ ತೋರಿಸುತ್ತದೆ. ಇದಕ್ಕೆ ತಜ್ಞರ ತಕರಾರಿದೆ. ಬಂದ ಮಾತು ಮಗುವಿನದೋ, ಹಲಗೆ ಹಿಡಿದವರದೋ ಅನ್ನುವುದು ಅವರ ಪ್ರಶ್ನೆ. ಆ ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ನಾನು ಮಗುವಿನ ಕೈ ಹಿಡಿದು ಬರೆಸುವುದಿಲ್ಲ, ಹಲಗೆಯನ್ನೂ ಹಿಡಿಯುವುದಿಲ್ಲ. ಎರಡೇ ಪದ ಬಂದರೂ ಅದು ಮಗುವಿನದೇ ಆಗಿರಬೇಕು.

ಟೀಚರ್‌ಗಳಲ್ಲಿ, ತಂದೆತಾಯಿಯರಲ್ಲಿ ಒಂದು ಕೋರಿಕೆ. ವ್ಯಾಕರಣ ತಿದ್ದಬೇಡಿ. ಪ್ರಾಸ ಹೊಂದಿಸಿ ಚಂದ ಮಾಡಲೂ ಹೋಗಬೇಡಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಓದಬಹುದಾ ಅಂತ ಮೊದಲು ಮಗುವನ್ನೇ ಕೇಳಿ. ಒಪ್ಪಿದರೆ ಮಗುವಿನ ಹೆಸರು ಹೇಳಿಯೇ ಓದಿ. ಬೇಡ ಅಂದರೆ ಹಾಳೆ ವಾಪಸ್ ಕೊಟ್ಟುಬಿಡಿ.

ನಮಸ್ಕಾರ.